ಅಜ್ಜಿ, ಸ್ವಲ್ಪ ನಗು: ಮಕ್ಕಳಿಗೆ ಲಕ್ವದ ಹಾಡು ಕಲಿಸುವುದು ಹೇಗೆ?

ನಮ್ಮ ತಾತನಿಗೆ ಲಕ್ವ ಹೊಡೆದದ್ದು ಬೆಳಗಿನ ಕಾಫಿ ಹೊತ್ತಿಗೆ. ಲೋಟ ಕೈಯಿಂದ ಜಾರಿತು, ಮಾತು ತೊದಲಿತು. ವಾಯು ಹಿಡಿದಿದೆ ಅಂತ ಎಲ್ಲರೂ ಸೇರಿ ಎಣ್ಣೆ ತಿಕ್ಕಿದೆವು. ಆಸ್ಪತ್ರೆಗೆ ಹೋದಾಗ ಮಧ್ಯಾಹ್ನ. "ಎಷ್ಟು ಗಂಟೆಗೆ ಶುರುವಾಯಿತು?" ಅಂದರು ಡಾಕ್ಟರ್. ಒಬ್ಬರೂ ಗಡಿಯಾರ ನೋಡಿರಲಿಲ್ಲ.

ನಾನೀಗ ಐದನೇ ತರಗತಿಯ ಟೀಚರ್. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಒಲಾಜಿಡೆ ವಿಲಿಯಮ್ಸ್ ಎಂಬ ನರರೋಗ ವೈದ್ಯರು ಹಿಪ್‌-ಹಾಪ್ ಹಾಡಿನಿಂದ ಇದೇ ವಯಸ್ಸಿನ ಮಕ್ಕಳಿಗೆ ಲಕ್ವದ ಲಕ್ಷಣ ಕಲಿಸಿದ್ದಾರೆ. ಮಕ್ಕಳು ಮನೆಗೆ ಹೋಗಿ ದೊಡ್ಡವರಿಗೆ ಹೇಳಲಿ ಅನ್ನೋದು ಅವರ ಲೆಕ್ಕ. ನಮ್ಮ ಮಕ್ಕಳಿಗೆ ಕೋಲಾಟ ಗೊತ್ತು. ಅದೇ ಲಯಕ್ಕೆ ನಾಲ್ಕು ಸಾಲು ಕಟ್ಟಿದೆ:

ನಗು ಅಜ್ಜಿ ನಗು, ಬಾಯಿ ಸೊಟ್ಟ ಆಯ್ತಾ?
ಎತ್ತು ಅಜ್ಜಿ ಕೈ ಎತ್ತು, ಒಂದು ಜಾರಿ ಬಿತ್ತಾ?
ಹೇಳು ಅಜ್ಜಿ ಹೆಸರು ಹೇಳು, ಮಾತು ತೊದಲಿ ಹೋಯ್ತಾ?
ಗಂಟೆ ಎಷ್ಟು? ಗಂಟೆ ಎಷ್ಟು? ನೂರಾ ಎಂಟು ಒತ್ತು!

ಸುಮ್ನೆ ಹಾಡಿಸಿದರೆ ಬಾಯಿಪಾಠ ಆಗುತ್ತದೆ, ಅಷ್ಟೇ. ಆಡಿಸಬೇಕು. ಒಬ್ಬ ಅಜ್ಜಿ, ಒಬ್ಬ ಮೊಮ್ಮಗ. ಎರಡನೇ ಸಾಲಿಗೆ 'ಅಜ್ಜಿ' ಕಣ್ಣು ಮುಚ್ಚಿ ಎರಡೂ ಕೋಲು ಮುಂದಕ್ಕೆ ಚಾಚಬೇಕು. ಹತ್ತು ಎಣಿಸುವುದರೊಳಗೆ ಒಂದು ಕೈ ಮೆಲ್ಲಗೆ ಇಳಿಯಬೇಕು. ಕೋಲು ಇರುವುದರಿಂದ ಆ ಇಳಿತ ಕೊನೆ ಬೆಂಚಿಗೂ ಕಾಣುತ್ತದೆ.

ಮಾತಿನ ಸಾಲಿಗೆ ಹುಡುಗರು "ತರಿಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ" ಹೇಳಿಸೋಣ ಅಂದರು. ಬೇಡ ಅಂದೆ. ಅದಕ್ಕೆ ನನ್ನ ನಾಲಿಗೆಯೇ ತೊಡರುತ್ತದೆ, ಅಲ್ವಾ? ಹೆಸರು, ಊರು ಸಾಕು.

ನಾಲ್ಕನೇ ಸಾಲಿಗೆ ಜಾಸ್ತಿ ಹೊತ್ತು ಕೊಡಿ. "ಗಂಟೆ ಎಷ್ಟು" ಅಂದ ತಕ್ಷಣ ಕೋಲು ನಿಲ್ಲಿಸಿ. ತರಗತಿ ಪೂರ್ತಿ ಸದ್ದಿಲ್ಲದೆ ಗೋಡೆ ಗಡಿಯಾರದ ಕಡೆ ತಿರುಗಬೇಕು, ಒಬ್ಬರು ಗಂಟೆ ಹೇಳಬೇಕು. ಆಮೇಲೆ 108ಕ್ಕೆ ಫೋನ್ ಮಾಡುವ ಆಟ: ಯಾರಿಗೆ ಏನಾಗಿದೆ, ಯಾವ ಊರು, ಮನೆ ಹತ್ತಿರದ ಗುರುತು ಏನು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಅದಕ್ಕೇ ಡಾಕ್ಟರ್ ಗಂಟೆ ಕೇಳುವುದು.

"ಮೂರೂ ಆಗಬೇಕಾ ಮಿಸ್?" ಅಂತ ಒಬ್ಬಳು ಕೇಳಿದಳು. ಹಾಡಿನಲ್ಲಿದ್ದ ತಪ್ಪು ಆಗ ಗೊತ್ತಾಯಿತು. ಈಗ ಪ್ರತಿ ಸಾಲಿನ ಕೊನೆಗೆ "ಒಂದೇ ಸಾಕು!" ಅಂತ ಕೂಗಿಸುತ್ತೇನೆ. ಲಕ್ಷಣ ತಾನಾಗಿ ಹೋದರೂ ಆಸ್ಪತ್ರೆಗೆ ಹೋಗಲೇಬೇಕು. ನೀರು, ಊಟ, ಮಾತ್ರೆ ಏನೂ ಬಾಯಿಗೆ ಹಾಕಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಇವೆರಡನ್ನು ಹಾಡಿಗೆ ಸೇರಿಸಲು ನೋಡಿದೆ, ಲಯ ಕೆಟ್ಟಿತು. ಮಾತಿನಲ್ಲೇ ಹೇಳುತ್ತೇನೆ.

ಹೋಮ್‌ವರ್ಕ್: ಮನೆಯಲ್ಲಿ ಇಬ್ಬರಿಗೆ ಆಡಿಸಿ ಬರುವುದು. "ಹಲ್ಲಿಲ್ಲದ ಬಾಯಲ್ಲಿ ಏನು ನಗಲೋ" ಅಂದಳಂತೆ ಒಬ್ಬನ ಅಜ್ಜಿ. ಆದರೂ ನಕ್ಕಳಂತೆ, ಎರಡೂ ಕಡೆ ಸರಿಯಾಗಿ.