ಚೌಕ ಎಣಿಸಬೇಡಿ, ಅಂಕಿ ಓದಿ: ಗ್ರಾಫ್ ನೋಡಿ ಸರಳರೇಖೆಯ ಸಮೀಕರಣ ಬರೆಯುವುದು ಹೇಗೆ?

ಪರೀಕ್ಷೆ ಹತ್ತಿರ ಬಂತೆಂದರೆ ಅಕ್ಕಪಕ್ಕದ ಮಕ್ಕಳು ಗ್ರಾಫ್ ಪುಸ್ತಕ ಹಿಡಿದು ನಮ್ಮನೆಗೆ ಬರುತ್ತಾರೆ. ವೈ = ಎಂಎಕ್ಸ್ + ಸಿ ಎಲ್ಲರಿಗೂ ಬಾಯಿಪಾಠ. ಎಂ ಅಂದರೆ ಇಳಿಜಾರು, ಸಿ ಅಂದರೆ ಗೆರೆ ವೈ ಅಕ್ಷವನ್ನು ಮುಟ್ಟುವ ಜಾಗ. ಆದರೂ ಉತ್ತರ ತಪ್ಪುತ್ತದೆ, ಅದೂ ಹೆಚ್ಚಾಗಿ ಒಂದೇ ಕಡೆ.

ಸೆಲ್ಸಿಯಸ್–ಫ್ಯಾರನ್‌ಹೀಟ್ ಗ್ರಾಫನ್ನೇ ತೆಗೆದುಕೊಳ್ಳಿ. ಅಡ್ಡಕ್ಕೆ ಸೆಲ್ಸಿಯಸ್, ಚೌಕಕ್ಕೆ 5 ಡಿಗ್ರಿ. ಉದ್ದಕ್ಕೆ ಫ್ಯಾರನ್‌ಹೀಟ್, ಚೌಕಕ್ಕೆ 10 ಡಿಗ್ರಿ.

ಮೊದಲು ಗೆರೆಯ ಮೇಲೆ ಎರಡು ಬಿಂದು ಆರಿಸಿ. ಗೆರೆ ಚೌಕದ ಮೂಲೆಯಲ್ಲೇ ಹಾಯಬೇಕು, ಬಿಂದುಗಳು ದೂರ ದೂರ ಇರಬೇಕು. ಇಲ್ಲಿ (10, 50) ಮತ್ತು (60, 140) ಸಿಗುತ್ತವೆ. ಮಸುಕಾಗಿ ಅಚ್ಚಾದ ಅಗ್ಗದ ಗ್ರಾಫ್ ಹಾಳೆ ದಯವಿಟ್ಟು ಬೇಡ, ಅದರಲ್ಲಿ ಮೂಲೆ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಪಾರದರ್ಶಕ ಸ್ಕೇಲೇ ಇರಲಿ.

ಈಗ ಇಳಿಜಾರು. ಇಲ್ಲಿ ಅವಸರ ಮಾಡಬೇಡಿ. ಮಕ್ಕಳು ಬೆರಳಿಟ್ಟು ಚೌಕ ಎಣಿಸುತ್ತಾರೆ: ಮೇಲಕ್ಕೆ 9, ಪಕ್ಕಕ್ಕೆ 10, ಹಾಗಾಗಿ 0.9. ಎಣಿಕೆ ಸರಿ, ಉತ್ತರ ತಪ್ಪು, ಯಾಕೆಂದರೆ ಎರಡು ಅಕ್ಷಗಳ ಪ್ರಮಾಣ ಬೇರೆ ಬೇರೆ ಅಲ್ವಾ? ಅಕ್ಷದ ಪಕ್ಕ ಬರೆದ ಅಂಕಿಯನ್ನೇ ಓದಿ ಕಳೆಯಿರಿ. 140 – 50 = 90, 60 – 10 = 50. 90ನ್ನು 50ರಿಂದ ಭಾಗಿಸಿದರೆ 1.8. ಮೇಲೆ ಯಾವ ಬಿಂದುವಿನಿಂದ ಕಳೆಯಲು ಶುರು ಮಾಡಿದಿರೋ ಕೆಳಗೂ ಅದರಿಂದಲೇ ಶುರು ಮಾಡಿ, ಇಲ್ಲದಿದ್ದರೆ ಚಿಹ್ನೆ ತಿರುಗುತ್ತದೆ. ಎಡದಿಂದ ಬಲಕ್ಕೆ ಗೆರೆ ಇಳಿಯುತ್ತಿದ್ದರೆ ಎಂ ಋಣಾತ್ಮಕವೇ ಆಗಬೇಕು. ಬರೆಯುವ ಮುಂಚೆ ಒಮ್ಮೆ ಗೆರೆ ನೋಡಿಕೊಳ್ಳಿ.

ಸಿ ಹುಡುಕಲು ಒಂದು ಬಿಂದು ಹಾಕಿದರೆ ಸಾಕು: 50 = 1.8 × 10 + ಸಿ, ಅಂದರೆ ಸಿ = 32. ಕಣ್ಣಳತೆಯಲ್ಲಿ ಸುಮ್ನೆ 30 ಅಂತ ಬರೆದು ಅಂಕ ಕಳೆದುಕೊಂಡವರು ಜಾಸ್ತಿ. ಅಡ್ಡ ಅಕ್ಷ ಸೊನ್ನೆಯಿಂದ ಶುರುವಾಗದ ಗ್ರಾಫಿನಲ್ಲಂತೂ ಎಡ ಅಂಚಿನಲ್ಲಿ ಕಾಣುವ ಅಂಕಿ ಸಿ ಅಲ್ಲವೇ ಅಲ್ಲ. ಗೆರೆ ಮೂಲಬಿಂದುವಿನಲ್ಲಿ ಹಾದರೆ ಮಾತ್ರ ಲೆಕ್ಕವಿಲ್ಲದೆ ಸಿ = 0 ಅಂತ ಬರೆಯಬಹುದು.

ನೆಟ್ಟಗೆ ನಿಂತ ಗೆರೆಗೆ ಈ ಸೂತ್ರ ನಡೆಯುವುದಿಲ್ಲ, ಅದಕ್ಕೆ ಇಳಿಜಾರೇ ಇಲ್ಲ. ಎಕ್ಸ್ = 4 ಅನ್ನುವ ಹಾಗೆ ಬರೆದು ಮುಗಿಸಿ.

ನಮ್ಮ ಗೆರೆ ವೈ = 1.8ಎಕ್ಸ್ + 32. ತಾಳೆ ನೋಡಲು ಮೂರನೆಯ ಬಿಂದು ಬೇಕು, ಮೊದಲು ಬಳಸಿದ್ದು ಬೇಡ. ಎಕ್ಸ್ ಜಾಗದಲ್ಲಿ 100 ಹಾಕಿ: 212 ಬರುತ್ತದೆ, ನೀರು ಕುದಿಯುವ ಫ್ಯಾರನ್‌ಹೀಟ್ ಡಿಗ್ರಿ. ನಿಮ್ಮ ಲೆಕ್ಕದಲ್ಲಿ ತಾಳೆ ಆಗದಿದ್ದರೆ ಎಲ್ಲಾ ಅಳಿಸಬೇಡಿ, ಅಕ್ಷದ ಅಂಕಿ ಸರಿಯಾಗಿ ಓದಿದಿರಾ ಅಂತ ಮೊದಲು ನೋಡಿ.