ನವೆಂಬರ್ 30ರ ಗೆರೆ: ಬಿಲ್ ದತ್ತಾಂಶವನ್ನು ಹುಟ್ಟಿನಿಂದ ವಿಲೇವಾರಿಯವರೆಗೆ ನಡೆಸಿದ ನನ್ನ ಅನುಭವ

ಕಳೆದ ಡಿಸೆಂಬರ್‌ನ ಮೊದಲ ಭಾನುವಾರ ರಾತ್ರಿ ನಮ್ಮ ಕಂಪನಿಯ 2021-22ನೇ ಹಣಕಾಸು ಸಾಲಿನ ಹನ್ನೆರಡು ತಿಂಗಳ ಬಿಲ್ ದತ್ತಾಂಶವನ್ನು, ಅಂದಾಜು ನಾಲ್ಕು ಕೋಟಿ ನಮೂದುಗಳನ್ನು, ಚಾಲ್ತಿ ಡೇಟಾಬೇಸ್‌ನಿಂದ ಬೇರ್ಪಡಿಸಿದೆ. ಅದಕ್ಕೆ ಹಿಡಿದದ್ದು ಎರಡು ನಿಮಿಷಕ್ಕಿಂತ ಕಡಿಮೆ ಹೊತ್ತು. ಮರುದಿನದ ಲೋಡಿಂಗ್‌ಗಾಗಿ ಹುಬ್ಬಳ್ಳಿಯ ಗೋದಾಮಿನಲ್ಲಿ ಅದೇ ಹೊತ್ತಿಗೆ ಬಿಲ್ ಹಾಕುತ್ತಿದ್ದ ಹುಡುಗರಿಗೆ ಅದು ಗೊತ್ತಾಗಲೂ ಇಲ್ಲ. ಇದು ಸಾಧ್ಯವಿಲ್ಲ ಎಂದು 2022ರಲ್ಲಿ ನನಗೆ ಹೇಳಿದವರಲ್ಲಿ ನಮ್ಮ ಹಿಂದಿನ ಸಾಫ್ಟ್‌ವೇರ್ ಸಲಹೆಗಾರರೂ ಇದ್ದರು, ಸರ್ವರ್ ಮಾರುವವರೂ ಇದ್ದರು. ಆದ್ದರಿಂದ ನಡೆದುಬಂದ ದಾರಿಯನ್ನು, ಎಡವಿದ ಜಾಗಗಳನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ. ನಾವು ಬಳಸುವ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್. ಅದರ ಪದಗಳು ಬಂದಲ್ಲಿ ಒಂದೆರಡು ಮಾತಿನಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ.

ನಮ್ಮದು ದಿನಬಳಕೆ ವಸ್ತುಗಳ ಸಗಟು ವಿತರಣೆ. ಹುಬ್ಬಳ್ಳಿಯಲ್ಲಿ ಮುಖ್ಯ ಗೋದಾಮು, ಗದಗ, ಹಾವೇರಿ, ಬಾಗಲಕೋಟೆಯಲ್ಲಿ ಡಿಪೋಗಳು. ದಿನಕ್ಕೆ ಸುಮಾರು 3,000 ಬಿಲ್‌ಗಳು, ಒಂದೊಂದರಲ್ಲಿ ಹತ್ತು ಹನ್ನೆರಡು ಐಟಂಗಳು. ಜೊತೆಗೆ ಸ್ಟಾಕ್ ಚಲನೆಯ ಟೇಬಲ್ ಇದರ ಮೂರು ಪಟ್ಟು ಬೆಳೆಯುತ್ತದೆ. ಈಗಿನ ಸಾಫ್ಟ್‌ವೇರ್ ಆರಂಭವಾದದ್ದು ಜಿಎಸ್‌ಟಿ ಜಾರಿಗೆ ಬಂದ 2017ರ ಜುಲೈ 1ರಂದೇ. 2022ರ ಹೊತ್ತಿಗೆ ಡೇಟಾಬೇಸ್ 320 ಜಿಬಿ ದಾಟಿತ್ತು. ತಿಂಗಳ ಕೊನೆಯ ಬಾಕಿ ವರದಿ ನಲವತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಕ್ಲೌಡ್ ಬಿಲ್ ತಿಂಗಳಿಗೆ 95,000 ರೂಪಾಯಿಯ ಆಸುಪಾಸಿನಲ್ಲಿತ್ತು. ದೊಡ್ಡ ಯಂತ್ರಕ್ಕೆ ಬದಲಾಯಿಸಿ ಎಂದು ಬಂದ ಕೊಟೇಶನ್ ತಿಂಗಳಿಗೆ 1.6 ಲಕ್ಷದ್ದಾಗಿತ್ತು.

ಮೊದಲ ಸೋಲು ಅದಕ್ಕಿಂತಲೂ ಹಿಂದಿನದು, 2021ರದು. 2017-18ನೇ ಸಾಲಿನ ದತ್ತಾಂಶವನ್ನು ಬೇರೆ ಸರ್ವರ್‌ಗೆ ನಕಲು ಮಾಡಿಕೊಂಡು, ಚಾಲ್ತಿ ಟೇಬಲ್‌ನಿಂದ ಒಂದೇ ಆಜ್ಞೆಯಲ್ಲಿ ಡಿಲೀಟ್ ಮಾಡಲು ರಾತ್ರಿ ಹತ್ತಕ್ಕೆ ಕುಳಿತೆ. ರಶೀದಿ ಟೇಬಲ್‌ನ ಫಾರಿನ್ ಕೀ ಕಾಲಂಗೆ, ಅಂದರೆ ಯಾವ ಬಿಲ್ಲಿನ ರಶೀದಿ ಎಂದು ತೋರಿಸುವ ಕಾಲಂಗೆ, ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇರಲಿಲ್ಲ. ಹಾಗಾಗಿ ಅಳಿಸುವ ಒಂದೊಂದು ಬಿಲ್‌ಗೂ ಇಡೀ ರಶೀದಿ ಟೇಬಲನ್ನು ಅದು ಓದುತ್ತಾ ಹೋಯಿತು. ಬೆಳಗಿನ ಜಾವಕ್ಕೆ ವಾಲ್ ಕಡತಗಳು (ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ದಾಖಲೆ) ಡಿಸ್ಕ್ ತುಂಬಿ ಡೇಟಾಬೇಸ್ ನಿಂತಿತು. ಹನ್ನೊಂದು ಗಂಟೆಯವರೆಗೆ ಬಿಲ್ಲಿಂಗ್ ಇಲ್ಲ, ಗೇಟಿನೊಳಗೆ ಲಾರಿಗಳ ಸಾಲು. ಆ ದಿನದ ನಷ್ಟ ಮೂರು ಲಕ್ಷ ಎಂದು ಮಾಲೀಕರು ಲೆಕ್ಕ ಹಾಕಿದರು. ಇಂಡೆಕ್ಸ್ ಹಾಕಿ, ಸಣ್ಣ ಸಣ್ಣ ಕಂತುಗಳಲ್ಲಿ ಎರಡು ವಾರ ಅಳಿಸಿದ ಮೇಲೂ ಡಿಸ್ಕ್‌ನಲ್ಲಿ ಒಂದು ಜಿಬಿ ಕೂಡ ಮರಳಿ ಸಿಗಲಿಲ್ಲ. ಖಾಲಿಯಾದ ಜಾಗ ಮರಳಿ ಪಡೆಯಲು ಟೇಬಲನ್ನು ಹೊಸದಾಗಿ ಬರೆಯುವ ವ್ಯಾಕ್ಯೂಮ್ ಫುಲ್ ಮಾಡೋಣವೆಂದರೆ ಅದು ಟೇಬಲನ್ನು ಪೂರ್ತಿ ಬೀಗ ಹಾಕುತ್ತದೆ, ಹೊಸ ಪ್ರತಿಗೆ ಬೇಕಾದಷ್ಟು ಖಾಲಿ ಜಾಗವನ್ನೂ ಕೇಳುತ್ತದೆ. ನಮ್ಮಲ್ಲಿ ಆ ಎರಡಕ್ಕೂ ಅವಕಾಶವಿರಲಿಲ್ಲ. ಅಂದು ಮಾಲೀಕರು ಹೇಳಿದ ಮಾತು ಇನ್ನೂ ನೆನಪಿದೆ: "ಹಳೀ ಲೆಕ್ಕಕ್ಕ ಇನ್ನ ಮ್ಯಾಲೆ ಕೈ ಹಚ್ಚಬ್ಯಾಡ್ರಿ. ನಾಳೆ ಆಫೀಸರ್ ಬಂದು ಕೇಳಿದ್ರ ಏನ್ ತೋರಸೋದು?"

ಅವರ ಭಯದಲ್ಲಿ ತಪ್ಪಿರಲಿಲ್ಲ. ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆಯ 36ನೇ ಕಲಂ ಪ್ರಕಾರ ಆ ಸಾಲಿನ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಇಡಬೇಕು. ನಮ್ಮದು ಪ್ರೈವೇಟ್ ಲಿಮಿಟೆಡ್ ಆದ್ದರಿಂದ 2013ರ ಕಂಪನಿ ಕಾಯ್ದೆಯ 128ನೇ ಕಲಂ ಹಿಂದಿನ ಎಂಟು ಹಣಕಾಸು ವರ್ಷಗಳ ಪುಸ್ತಕಗಳನ್ನು ಕೇಳುತ್ತದೆ. ಆದರೆ ಇಡಬೇಕು ಎಂಬುದಕ್ಕೂ ಚಾಲ್ತಿ ಟೇಬಲ್‌ನಲ್ಲೇ ಇಡಬೇಕು ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಯಾರಿಗೂ ಮನವರಿಕೆ ಮಾಡಿಕೊಡಲು ನನಗೆ ಆಗ ಆಗಲಿಲ್ಲ.

2022ರಲ್ಲಿ ಪೋಸ್ಟ್‌ಗ್ರೆಸ್ 14ಕ್ಕೆ ಬಂದ ಮೇಲೆ ಎರಡನೆಯ ಪ್ರಯತ್ನ ಮಾಡಿದೆ. ಬಿಲ್ ಟೇಬಲನ್ನು ಬಾಕಿ ಇರುವವು, ಚುಕ್ತಾ ಆದವು ಎಂದು ಎರಡು ಪಾರ್ಟಿಷನ್ (ಒಂದೇ ಟೇಬಲ್ ಆಗಿ ಕಾಣುವ, ಒಳಗೆ ಬೇರೆ ಬೇರೆ ಇರುವ ಭಾಗಗಳು) ಮಾಡಿದೆ. ಹಣ ಸಂದಾಯವಾದ ತಕ್ಷಣ ನಮೂದು ತಾನಾಗಿ ಆಚೆ ಪಾರ್ಟಿಷನ್‌ಗೆ ಹೋಗುತ್ತದೆ, ಬಿಸಿ ಭಾಗ, ಅಂದರೆ ದಿನವೂ ಬದಲಾಗುವ ಭಾಗ, ಚಿಕ್ಕದಾಗಿಯೇ ಉಳಿಯುತ್ತದೆ ಎಂಬ ಆಸೆಯಿತ್ತು. ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ವಾಸ್ತವದಲ್ಲಿ ಆ ಚಲನೆ ಒಳಗೆ ಒಂದು ಡಿಲೀಟ್ ಮತ್ತು ಒಂದು ಇನ್ಸರ್ಟ್ (ಹೊಸದಾಗಿ ಸೇರಿಸುವುದು) ಆಗಿ ನಡೆಯುತ್ತದೆ. ದಿನಕ್ಕೆ ಸಾವಿರಾರು ಬಿಲ್‌ಗಳು ಹೀಗೆ ದಾಟುತ್ತಿದ್ದರೆ ಎರಡೂ ಕಡೆ ಸತ್ತ ನಮೂದುಗಳೂ ಉಬ್ಬಿದ ಇಂಡೆಕ್ಸ್‌ಗಳೂ ತುಂಬಿಕೊಳ್ಳುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ವಸೂಲಿಯವರು ಮತ್ತು ಕೌಂಟರಿನವರು ಒಂದೇ ಬಿಲ್ ಮೇಲೆ ಒಟ್ಟಿಗೆ ಕೈಯಿಟ್ಟಾಗ, ನಮೂದು ಬೇರೆ ಪಾರ್ಟಿಷನ್‌ಗೆ ಹೋಗಿದೆ ಎಂಬ ದೋಷ ಬಂದು ವ್ಯವಹಾರ ಮುರಿಯುತ್ತಿತ್ತು. ಎರಡು ತಿಂಗಳಿಗೆ ಅದನ್ನು ಬಿಚ್ಚಿ ಹಾಕಿದೆ. ಹೊರಗಿನವರ ಶುಲ್ಕ 80,000 ರೂಪಾಯಿ ಅಲ್ಲಿಗೆ ಹೋಯಿತು.

ದಾರಿ ಸಿಕ್ಕಿದ್ದು ಡೇಟಾಬೇಸ್ ಕಡೆಯಿಂದಲ್ಲ, ಲೆಕ್ಕಪರಿಶೋಧಕರ ಕೋಣೆಯಲ್ಲಿ. 2022ರ ಅಕ್ಟೋಬರ್ 1ರಿಂದ ಅದೇ ಜಿಎಸ್‌ಟಿ ಕಾಯ್ದೆಯ 34ನೇ ಕಲಂ ತಿದ್ದುಪಡಿಯಾಗಿ, ಒಂದು ಸಾಲಿನ ಬಿಲ್‌ಗಳಿಗೆ ಜಿಎಸ್‌ಟಿ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ಚೀಟಿ) ತೋರಿಸಲು ಮುಂದಿನ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದೇ ಗಡುವು ಎಂದಾಯಿತು. ಲೆಕ್ಕಪರಿಶೋಧಕರು ಅದನ್ನು ಮಾಲು ವಾಪಸಿನ ವಿಷಯವಾಗಿ ಹೇಳುತ್ತಿದ್ದರು. ನನಗೆ ಅದು ಪಾರ್ಟಿಷನ್‌ನ ವಿಷಯವಾಗಿ ಕೇಳಿಸಿತು. ಅಲ್ಲಿಯವರೆಗೆ ನಾವೆಲ್ಲರೂ ದತ್ತಾಂಶ ತಣ್ಣಗಾಗುವುದನ್ನು ವಯಸ್ಸಿನಿಂದ ಅಳೆಯುತ್ತಿದ್ದೆವು, ಹನ್ನೆರಡು ತಿಂಗಳಾಯಿತು, ಇಪ್ಪತ್ನಾಲ್ಕು ತಿಂಗಳಾಯಿತು ಎಂದು. ಏಪ್ರಿಲ್‌ನ ಬಿಲ್ ಇಪ್ಪತ್ತು ತಿಂಗಳ ತನಕ ಬದಲಾಗಬಹುದು, ಅದೇ ಸಾಲಿನ ಮಾರ್ಚ್‌ನ ಬಿಲ್ ಎಂಟೇ ತಿಂಗಳಿಗೆ ಗಟ್ಟಿಯಾಗುತ್ತದೆ. ಎರಡಕ್ಕೂ ಒಂದೇ ಗೆರೆ, ಅದು ನವೆಂಬರ್ 30. ತೆರಿಗೆಯಿಲ್ಲದ ವಾಣಿಜ್ಯ ಕ್ರೆಡಿಟ್ ನೋಟ್‌ಗಳು ಆಮೇಲೂ ಬರುತ್ತವೆ, ಆದರೆ ಅವು ಹೊಸ ದಿನಾಂಕದ ಹೊಸ ನಮೂದುಗಳು, ಹಳೆಯ ಬಿಲ್ಲನ್ನು ಮುಟ್ಟಬೇಕಾಗಿಲ್ಲ.

ಹಾಗಾಗಿ ಬಿಲ್ ದಿನಾಂಕದ ಮೇಲೆ ತಿಂಗಳಿಗೊಂದು ಪಾರ್ಟಿಷನ್ ಮಾಡಿ, ಹಣಕಾಸು ವರ್ಷ ಮುಗಿದು ನವೆಂಬರ್ 30 ದಾಟಿದ ಮೇಲೆ ಆ ಹನ್ನೆರಡಕ್ಕೂ ಮತ್ತೆ ಬದಲಾಗದಂತೆ ಮುದ್ರೆ ಹಾಕುವುದು, ಮುದ್ರೆ ಬಿದ್ದ ಮೂರು ವರ್ಷಕ್ಕೆ ಬೇರ್ಪಡಿಸಿ ಕಡತ ಮಾಡುವುದು, ಎಂಟು ವರ್ಷದ ಗಡುವು ಮುಗಿದಾಗ ಅಳಿಸುವುದು ಎಂದು ನಿರ್ಧರಿಸಿದೆ. ಹೇಳಲು ಸುಲಭ, ಮಾಡಲು ಹತ್ತು ತಿಂಗಳು ಹಿಡಿಯಿತು.

ಮೊದಲ ತೊಡಕು ಬಿಲ್ ಸಂಖ್ಯೆಯದು. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ ಸಂಖ್ಯೆ ಹಣಕಾಸು ವರ್ಷದೊಳಗೆ ಮರುಕಳಿಸಬಾರದು. ಆದರೆ ಪಾರ್ಟಿಷನ್ ಮಾಡಿದ ಟೇಬಲ್‌ನಲ್ಲಿ ಯೂನಿಕ್ (ಮರುಕಳಿಸಬಾರದೆಂಬ) ಕಟ್ಟುಪಾಡು ಹಾಕಬೇಕಾದರೆ ಅದರೊಳಗೆ ಬಿಲ್ ದಿನಾಂಕವೂ ಇರಲೇಬೇಕು. ಆಗ ಒಂದೇ ಸಂಖ್ಯೆ ಮೇ ತಿಂಗಳಲ್ಲೊಮ್ಮೆ ಜೂನ್‌ನಲ್ಲೊಮ್ಮೆ ಬಿದ್ದರೂ ಡೇಟಾಬೇಸ್ ತಡೆಯುವುದಿಲ್ಲ. ಸಲಹೆಗಾರರು ಇಲ್ಲಿಗೇ ಯೋಜನೆ ಮುಗಿಯಿತು ಎಂದರು. ನಾನು ಹಣಕಾಸು ವರ್ಷ ಮತ್ತು ಬಿಲ್ ಸಂಖ್ಯೆ ಎರಡೇ ಕಾಲಂಗಳ ಒಂದು ಸಣ್ಣ ಸಂಖ್ಯಾ ಪುಸ್ತಕದ ಟೇಬಲನ್ನು, ಪಾರ್ಟಿಷನ್ ಇಲ್ಲದೆ, ಮಾಡಿ, ಬಿಲ್ ಬರೆಯುವ ವ್ಯವಹಾರದಲ್ಲೇ ಮೊದಲು ಅದಕ್ಕೆ ನಮೂದು ಹಾಕಿಸಿದೆ. ಮೂರು ವರ್ಷದಲ್ಲಿ ಒಂದು ಸಂಖ್ಯೆಯೂ ಮರುಕಳಿಸಿಲ್ಲ.

ಎರಡನೆಯದು ಡಿಫಾಲ್ಟ್ ಪಾರ್ಟಿಷನ್, ಅಂದರೆ ಯಾವ ತಿಂಗಳಿಗೂ ಸೇರದ ನಮೂದುಗಳು ಹೋಗಿ ಬೀಳುವ ಭಾಗ. ಸುರಕ್ಷತೆಗೆಂದು ಅದನ್ನು ಇಟ್ಟುಕೊಂಡಿದ್ದೆ. ಯಾರೋ 2032 ಎಂದು ತಪ್ಪಾಗಿ ಒತ್ತಿದ ಬಿಲ್‌ಗಳೆಲ್ಲ ಅದರಲ್ಲಿ ಸದ್ದಿಲ್ಲದೆ ಕುಳಿತವು. ಕೆಲಸ ನಿಲ್ಲಿಸದೆ ಪಾರ್ಟಿಷನ್ ಬೇರ್ಪಡಿಸುವ ಡಿಟ್ಯಾಚ್ ಕನ್‌ಕರೆಂಟ್ಲಿ ಆಜ್ಞೆ ಕೊಟ್ಟಾಗ, ಡಿಫಾಲ್ಟ್ ಪಾರ್ಟಿಷನ್ ಇರುವವರೆಗೆ ಆಗುವುದಿಲ್ಲ ಎಂದು ಪೋಸ್ಟ್‌ಗ್ರೆಸ್ ನಿರಾಕರಿಸಿತು. ಈಗ ಅದನ್ನು ಕಿತ್ತು ಹಾಕಿದ್ದೇನೆ. ಮುಂದಿನ ಹದಿನೆಂಟು ತಿಂಗಳ ಪಾರ್ಟಿಷನ್‌ಗಳು ಮೊದಲೇ ತಯಾರಿರುತ್ತವೆ, ತಪ್ಪು ದಿನಾಂಕದ ಬಿಲ್ ಕೌಂಟರಿನಲ್ಲೇ ದೋಷ ಕೊಡುತ್ತದೆ.

ಫಾರಿನ್ ಕೀ ವಿಷಯದಲ್ಲಿ ನನಗೂ ಸಹೋದ್ಯೋಗಿಗಳಿಗೂ ಜಗಳವೇ ಆಯಿತು. ರಶೀದಿ ಟೇಬಲ್ ಬಿಲ್ ಟೇಬಲನ್ನು ಉಲ್ಲೇಖಿಸುತ್ತಿದ್ದರೆ, ಉಲ್ಲೇಖ ಇರುವ ಪಾರ್ಟಿಷನ್ ಬೇರ್ಪಡುವುದಿಲ್ಲ. ನಾನು ಆ ಕೀಯನ್ನು ತೆಗೆದು, ರಾತ್ರಿ ಎರಡು ಗಂಟೆಗೆ ಒಂಟಿ ರಶೀದಿಗಳನ್ನು, ಅಂದರೆ ಬಿಲ್ ಇಲ್ಲದವನ್ನು, ಹುಡುಕಿ ತಾಳೆ ನೋಡುವ ಕೆಲಸ ಇಟ್ಟೆ. ಇಡೀ ವರ್ಷದ ಲೆಕ್ಕವನ್ನು ಅದು ಒಂದು ನಿಮಿಷದೊಳಗೆ ತಾಳೆ ನೋಡುತ್ತದೆ. ಹೇಗೆ ಎಂಬುದನ್ನು ಮಾತ್ರ ನಾನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಪಟ್ಟ ಶ್ರಮ ನನ್ನದು.

ಮುದ್ರೆ ಹಾಕುವುದೆಂದರೆ ಏನು ಎಂದು ಅನೇಕರು ಕೇಳುತ್ತಾರೆ. ಪಾರ್ಟಿಷನ್ ಮೇಲೆ ಬರೆಯುವ ಅನುಮತಿ ಹಿಂತೆಗೆದರೆ ಸಾಲದು. ಮೂಲ ಟೇಬಲ್ ಮೂಲಕ ಬಂದ ಬರಹಕ್ಕೆ ಅನುಮತಿಯನ್ನು ಮೂಲ ಟೇಬಲ್‌ನಲ್ಲಿ ಮಾತ್ರ ನೋಡಲಾಗುತ್ತದೆ. ನಾನು ಇದನ್ನು ತಿಳಿದದ್ದು ಮುದ್ರೆ ಬಿದ್ದ 2020-21ರ ಬಿಲ್ ಒಂದು 2023ರ ಜನವರಿಯಲ್ಲಿ ಬದಲಾದಾಗ. ಈಗ ಒಂದೊಂದು ಪಾರ್ಟಿಷನ್ ಮೇಲೂ ಬರಹವನ್ನು ತಡೆಯುವ ಟ್ರಿಗರ್ (ಬದಲಾವಣೆ ಬಂದಾಗ ತಾನಾಗಿ ಓಡುವ ಆಜ್ಞೆ) ಇದೆ. ಮುದ್ರೆಯ ರಾತ್ರಿಯೇ ಆ ಪಾರ್ಟಿಷನನ್ನು ಗ್ರಾಹಕರ ಕೋಡ್ ಕ್ರಮದಲ್ಲಿ ಕ್ಲಸ್ಟರ್ ಮಾಡಿ (ಜೋಡಿಸಿ), ಬೇಡದ ಇಂಡೆಕ್ಸ್‌ಗಳನ್ನು ತೆಗೆದು, ಕೋಡ್ ಮೇಲೆ ಬ್ರಿನ್ ಎಂಬ ಪುಟ್ಟ ಇಂಡೆಕ್ಸ್ ಹಾಕುತ್ತೇನೆ. ಹತ್ತಾರು ಎಂಬಿ ಇದ್ದ ಇಂಡೆಕ್ಸ್ ಕೆಲವೇ ಕೆಬಿಗೆ ಇಳಿಯುತ್ತದೆ, ಒಬ್ಬ ಅಂಗಡಿಯವನ ವರ್ಷದ ಖಾತೆ ಕ್ಷಣದಲ್ಲಿ ಬರುತ್ತದೆ.

ಇದೇ ಸಂದರ್ಭದಲ್ಲಿ ಎರಡು ಬೇರೆ ಪ್ರಯೋಗಗಳನ್ನೂ ಮಾಡಿದೆ. ಸ್ಟಾಕ್ ಟೇಬಲ್‌ನಲ್ಲಿ ಚಿಕ್ಕ ಕಾಲಂಗಳು ದೊಡ್ಡವುಗಳ ನಡುವೆ ಚದುರಿ ಹೋಗಿ ಖಾಲಿ ಬೈಟ್‌ಗಳು ತುಂಬಿದ್ದವು. ಎಂಟು ಬೈಟಿನವನ್ನು ಮುಂದಕ್ಕೆ, ಚಿಕ್ಕವನ್ನು ಹಿಂದಕ್ಕೆ ಇಟ್ಟು ಹೊಸ ಪಾರ್ಟಿಷನ್‌ಗಳನ್ನು ಕಟ್ಟಿದಾಗ ಸುಮಾರು ಹನ್ನೊಂದು ಶೇಕಡಾ ಜಾಗ ಉಳಿತಾಯವಾಯಿತು. ಇನ್ನೊಂದು ಇ-ಇನ್‌ವಾಯ್ಸ್‌ನದು, ಅಂದರೆ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್‌ನದು. 100 ಕೋಟಿ ಮೀರಿದ ವಹಿವಾಟಿಗೆ ಅದು ಕಡ್ಡಾಯವಾದ 2021ರ ಜನವರಿ 1ರಿಂದ ನಾವು ಪೋರ್ಟಲ್ ಕೊಟ್ಟ ಉತ್ತರದ ಜೊತೆಗೆ ಕ್ಯೂಆರ್ ಚಿತ್ರವನ್ನೂ ಡೇಟಾಬೇಸ್‌ನಲ್ಲಿ ತುಂಬುತ್ತಿದ್ದೆವು, ವರ್ಷಕ್ಕೆ 16 ಜಿಬಿಯಷ್ಟು. ಸಹಿ ಮಾಡಿದ ಪಠ್ಯ ಇದ್ದರೆ ಚಿತ್ರವನ್ನು ಬೇಕೆಂದಾಗ ಬಿಡಿಸಬಹುದು. ಚಿತ್ರಗಳನ್ನು ತೆಗೆದಾಗ ಆ 16 ಜಿಬಿ ಬರೀ 4 ಜಿಬಿಗೆ ಇಳಿಯಿತು.

ಆದರೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮರಳಿ ತೆರೆಯುವಾಗ. 2023ರ ಬೇಸಿಗೆಯಲ್ಲಿ ಪರೀಕ್ಷೆಗೆಂದು 2018ರ ಒಂದು ತಿಂಗಳನ್ನು ಕಡತದಿಂದ ಮರಳಿ ತಂದು ಬಿಲ್ ಮುದ್ರಿಸಿದೆ. ಗದಗದ ಅಂಗಡಿಯೊಂದರ ಬಿಲ್‌ನಲ್ಲಿ ಈಗಿನ ಮಾಲೀಕರ ಹೆಸರು, ಈಗಿನ ಜಿಎಸ್‌ಟಿ ಸಂಖ್ಯೆ. ಅಂಗಡಿ ಕೈ ಬದಲಾಗಿ ಮೂರು ವರ್ಷವಾಗಿತ್ತು. ನಮ್ಮ ಬಿಲ್‌ನಲ್ಲಿ ಗ್ರಾಹಕರ ಕೋಡ್ ಮಾತ್ರ ಇತ್ತು, ಉಳಿದದ್ದೆಲ್ಲ ಗ್ರಾಹಕರ ಈಗಿನ ವಿವರ ಇರುವ ಮಾಸ್ಟರ್ ಟೇಬಲ್‌ನಿಂದ ಬರುತ್ತಿತ್ತು. ಅಂದರೆ ನಾವು ಎಂಟು ವರ್ಷ ಜೋಪಾನ ಮಾಡುತ್ತಿದ್ದದ್ದು ಅರ್ಧ ಬಿಲ್ಲನ್ನು. ಈಗ ಬಿಲ್ ಹುಟ್ಟುವಾಗಲೇ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ, ದರ, ಎಚ್‌ಎಸ್‌ಎನ್ ಕೋಡ್ (ಸರಕಿನ ವರ್ಗದ ಸಂಖ್ಯೆ) ಎಲ್ಲವೂ ಬಿಲ್‌ನಲ್ಲೇ ಅಚ್ಚಾಗುತ್ತವೆ. ಹಳೆಯವಕ್ಕೆ, ಆಗಾಗ ಸಲ್ಲಿಸಿದ್ದ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಕಡತಗಳಿಂದ ಸಂಖ್ಯೆಗಳನ್ನು ಹೆಕ್ಕಿ ತುಂಬಿದೆವು. ಇಬ್ಬರು ಮೂರು ವಾರ ಕುಳಿತರು, 60,000 ರೂಪಾಯಿ ಖರ್ಚಾಯಿತು. ಈ ಕೆಲಸ ಮಾಡದೆ ಹಳೆಯ ದತ್ತಾಂಶ ಭದ್ರವಾಗಿದೆ ಎನ್ನುವವರು ದಯವಿಟ್ಟು ಒಮ್ಮೆ ಒಂದು ಹಳೆಯ ಬಿಲ್ಲನ್ನು ಮುದ್ರಿಸಿ ನೋಡಬೇಕು.

ಬೇರ್ಪಡಿಸಿದ ಪಾರ್ಟಿಷನ್‌ನಿಂದ ಎರಡು ಪ್ರತಿಗಳನ್ನು ಮಾಡುತ್ತೇನೆ: ಮರಳಿ ಜೋಡಿಸಲು ಪೋಸ್ಟ್‌ಗ್ರೆಸ್‌ನದೇ ಬ್ಯಾಕಪ್ ಆದ ಪಿಜಿ ಡಂಪ್, ಓದಲು ಒತ್ತಿ ಚಿಕ್ಕದಾಗಿಸಿದ ಪಾರ್ಕೆ ಕಡತ. ಒಂದು ಸಾಲಿನ 40 ಜಿಬಿ ಅಂದಾಜು 5 ಜಿಬಿ ಆಗುತ್ತದೆ. ಪುಸ್ತಕಗಳ ಬ್ಯಾಕಪ್ ಪ್ರತಿದಿನ ಭಾರತದೊಳಗಿನ ಸರ್ವರ್‌ನಲ್ಲಿ ಇರಬೇಕೆಂದು 2022ರಲ್ಲಿ ಕಂಪನಿ ಲೆಕ್ಕಪತ್ರ ನಿಯಮ ತಿದ್ದುಪಡಿಯಾಗಿದೆ, ಆದ್ದರಿಂದ ಒಂದು ಪ್ರತಿ ಮುಂಬೈ ಕ್ಲೌಡ್‌ನಲ್ಲಿ, ಇನ್ನೊಂದು ಹುಬ್ಬಳ್ಳಿಯ ಕಚೇರಿಯಲ್ಲಿ. 2023ರ ಏಪ್ರಿಲ್ 1ರಿಂದ ಕಡ್ಡಾಯವಾದ ತಿದ್ದುಪಡಿ ದಾಖಲೆಯ (ಲೆಕ್ಕದಲ್ಲಿ ಯಾವಾಗ ಏನು ಬದಲಾಯಿತು ಎಂಬುದರ) ಟೇಬಲನ್ನೂ ಇದೇ ತಿಂಗಳುಗಳ ಪ್ರಕಾರ ಕತ್ತರಿಸಿದ್ದೇನೆ, ಬಿಲ್ ಹೋದ ಕಡೆ ಅದರ ತಿದ್ದುಪಡಿಯ ಇತಿಹಾಸವೂ ಹೋಗುತ್ತದೆ.

ಮಾಲೀಕರು ಒಪ್ಪಿದ್ದು 2024ರ ಮೇ ತಿಂಗಳಲ್ಲಿ. 2019-20ನೇ ಸಾಲಿನ ಬಗ್ಗೆ ತೆರಿಗೆಯ ನೋಟಿಸ್ ಬಂತು, ಒಬ್ಬ ಗ್ರಾಹಕರ ಎಲ್ಲ ಬಿಲ್‌ಗಳು ಬೇಕು ಎಂದು. ಆ ಸಾಲು ಆಗಲೇ ಕಡತವಾಗಿತ್ತು. ಡಕ್‌ಡಿಬಿ ಎಂಬ ಚಿಕ್ಕ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಪಾರ್ಕೆ ಕಡತ ತೆರೆದು ಸುಮಾರು 1,100 ಬಿಲ್‌ಗಳನ್ನು ಇಪ್ಪತ್ತು ನಿಮಿಷದಲ್ಲಿ ತೆಗೆದುಕೊಟ್ಟೆ. ಹಿಂದೆ ಇದಕ್ಕೆ ಎರಡು ದಿನ ಹಿಡಿಯುತ್ತಿತ್ತು. ಆದರೆ ಪ್ರಕರಣ ನಡೆಯುತ್ತಿರುವಾಗ ಆ ದಾಖಲೆಗಳನ್ನು ಅಂತಿಮ ತೀರ್ಮಾನದ ನಂತರ ಒಂದು ವರ್ಷದವರೆಗೆ ಅಥವಾ 72 ತಿಂಗಳವರೆಗೆ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು. ಹಾಗಾಗಿ ತಡೆ ಪಟ್ಟಿ ಎಂಬ ಇನ್ನೊಂದು ಟೇಬಲ್ ಬಂತು. ಅದರಲ್ಲಿ ಹೆಸರಿರುವ ಬಿಲ್‌ಗಳು ಅಳಿಸುವ ದಿನ ಬಂದರೂ ಬದುಕುತ್ತವೆ. ಅವನ್ನು ಕಡತದ ತಾಳೆ ಮುರಿಯದಂತೆ ಬೇರೆ ಮಾಡುವ ವಿಧಾನವನ್ನೂ ಸದ್ಯ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಈಗ ಚಾಲ್ತಿ ಡೇಟಾಬೇಸ್ 110 ಜಿಬಿಯ ಸುತ್ತಮುತ್ತ ನಿಂತಿದೆ. ಬಾಕಿ ವರದಿ ಎರಡು ನಿಮಿಷದ್ದು. ಕ್ಲೌಡ್ ಬಿಲ್ 41,000 ರೂಪಾಯಿ.

2017-18ನೇ ಸಾಲಿನ ವಾರ್ಷಿಕ ರಿಟರ್ನ್ ಗಡುವು ಮುಂದೂಡುತ್ತಾ 2020ರ ಫೆಬ್ರವರಿಗೆ ಹೋಗಿತ್ತು, ಆದ್ದರಿಂದ 72 ತಿಂಗಳು 2026ರ ಫೆಬ್ರವರಿಗೆ ತೀರಿತು. ಕಂಪನಿ ಕಾಯ್ದೆಯ ಎಂಟು ವರ್ಷ ಮಾರ್ಚ್ 31ಕ್ಕೆ ಮುಗಿಯಿತು. ಏಪ್ರಿಲ್ ಮೊದಲ ವಾರದಲ್ಲಿ ಲೆಕ್ಕಪರಿಶೋಧಕರ ಲಿಖಿತ ಒಪ್ಪಿಗೆ ಪಡೆದು, ತಡೆ ಪಟ್ಟಿ ಖಾಲಿಯಿರುವುದನ್ನು ನೋಡಿ, ಆ ಸಾಲಿನ ಕಡತಗಳನ್ನು ಎರಡೂ ಕಡೆ ಅಳಿಸಿದೆ. ಐದು ವರ್ಷದ ಹಿಂದೆ ಡೇಟಾಬೇಸನ್ನು ನಿಲ್ಲಿಸಿದ್ದು ಇದೇ ಸಾಲು. ಅಳಿಸಿದ ದಿನಾಂಕ, ಕಡತಗಳ ಹೆಸರು, ಬಿಲ್‌ಗಳ ಸಂಖ್ಯೆ, ಒಟ್ಟು ಮೊತ್ತ, ಒಪ್ಪಿದವರ ಸಹಿ ಇಷ್ಟನ್ನೂ ವಿಲೇವಾರಿ ಪುಸ್ತಕದ ಮೊದಲ ಪುಟದಲ್ಲಿ ಬರೆದು ಮಾಲೀಕರ ಕಪಾಟಿನಲ್ಲಿ ಇಟ್ಟಿದ್ದೇನೆ.