ಹಪ್ಪಳ ಇಟ್ಟು ಬೆಳಕಿನ ವೇಗ ಅಳೆಯುವುದು ಹೇಗೆ?

ಮೈಕ್ರೋವೇವ್ ಓವನ್ನಿನೊಳಗಿನ ಅಲೆಯೂ ಬೆಳಕಿನ ಜಾತಿಯದೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ವೇಗವೂ ಅದೇ. ಬೇಕಾದದ್ದು ಓವನ್, ಸ್ಕೇಲು, ನಾಲ್ಕು ಹಸಿ ಉದ್ದಿನ ಹಪ್ಪಳ. ಮಲೆನಾಡಿನ ಮನೆಗಳಲ್ಲಿ ಹಲಸಿನ ಹಪ್ಪಳ ಡಬ್ಬಿಗಟ್ಟಲೆ ಇರುತ್ತದೆ, ಅದು ಬೇಡ. ಕೈಯಲ್ಲಿ ತಟ್ಟಿದ್ದು ಒಂದೇ ದಪ್ಪ ಇರುವುದಿಲ್ಲ, ಎಣ್ಣೆಗೇ ಸರಿ. ಚಾಕೊಲೇಟಾದರೆ ಕರಗಿ ಹರಡಿ ಗುರುತೇ ಕಲಸಿಹೋಗುತ್ತದೆ.

ಮೊದಲು ತಟ್ಟೆ ತಿರುಗದಂತೆ ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ. ತಟ್ಟೆ, ಅದರಡಿಯ ಚಕ್ರದ ಬಳೆ ಎರಡನ್ನೂ ತೆಗೆದು, ನಡುವೆ ತಿರುಗುವ ತುಂಡಿಗೆ ತಾಗದಂತೆ ಗಾಜಿನ ಬಟ್ಟಲು ಬೋರಲು ಹಾಕಿ, ಮೇಲೆ ತಟ್ಟೆ ಇಡಿ. ತಿರುಗುವ ತಟ್ಟೆಯೇ ಇಲ್ಲದ ಓವನ್ ಈ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ಅಲೆ ಕಲಕುವ ರೆಕ್ಕೆ ಒಳಗೇ ಅಡಗಿರುತ್ತದೆ.

ಹಪ್ಪಳ ಅಂಚಿಗೆ ಅಂಚು ತಾಗಿಸಿ ಹರಡಿ, ಗ್ರಿಲ್ ಬಿಟ್ಟು ಬರೀ ಮೈಕ್ರೋದಲ್ಲಿ ಓಡಿಸಿ. ಗೋಡೆಗೆ ಬಡಿದು ಮರಳುವ ಅಲೆ, ಬರುವ ಅಲೆ ಸೇರಿ ಕೆಲವೇ ಜಾಗ ಕಾಯುತ್ತವೆ. ಅಲ್ಲಿ ಹಪ್ಪಳ ಬೆಳ್ಳಗೆ ಅರಳುತ್ತದೆ. ಎರಡು ಮೂರು ಚುಕ್ಕೆ ಕಂಡ ಕೂಡಲೇ ನಿಲ್ಲಿಸಿ. ಇನ್ನೈದು ಸೆಕೆಂಡ್ ಬಿಟ್ಟರೂ ಚುಕ್ಕೆಗಳು ಕೂಡಿಕೊಳ್ಳುತ್ತವೆ. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ವೋಲ್ಟೇಜ್ ಇಳಿದಿದ್ದರೆ ಅರಳುವುದು ತಡ, ಗಡಿಯಾರ ಬಿಟ್ಟು ಹಪ್ಪಳ ನೋಡಿ.

ಅಳೆಯುವುದು ಚುಕ್ಕೆಯ ನಡುವಿನಿಂದ ಪಕ್ಕದ ಚುಕ್ಕೆಯ ನಡುವಿಗೆ, ಅಂಚಿನಿಂದಲ್ಲ. ಈ ಅಂತರ ಅರ್ಧ ಅಲೆ, ಸುಮಾರು 6.1 ಸೆಂ.ಮೀ. ಎರಡರಿಂದ ಗುಣಿಸಲು ಮರೆತರೆ ಬೆಳಕು ಅರ್ಧ ವೇಗಕ್ಕೆ ಇಳಿಯುತ್ತದೆ. ಅಲೆಗಳು ಮೂರೂ ದಿಕ್ಕಿನಿಂದ ಬಡಿಯುವುದರಿಂದ ಕೆಲವು ಜೋಡಿ 7 ಸೆಂ.ಮೀ. ದಾಟಬಹುದು. ಅದನ್ನೂ ಬರೆದುಕೊಳ್ಳಿ. ಉತ್ತರ ಗೊತ್ತಿದೆಯೆಂದು 6.1 ಬಂದದ್ದನ್ನಷ್ಟೇ ಹೆಕ್ಕಿದರೆ ಅದು ಅಳತೆಯಲ್ಲ, ನಕಲು.

ಓವನ್ನಿನ ಹಿಂದಿನ ಚೀಟಿಯಲ್ಲಿ 2450 ಮೆಗಾಹರ್ಟ್ಸ್ ಎಂದಿರುತ್ತದೆ: ಸೆಕೆಂಡಿಗೆ 245 ಕೋಟಿ ಅಲೆ. ಇದನ್ನು ಒಂದು ಪೂರ್ತಿ ಅಲೆಯ ಉದ್ದ 12.2 ಸೆಂ.ಮೀ.ನಿಂದ ಗುಣಿಸಿದರೆ ಸೆಕೆಂಡಿಗೆ 2,989 ಕೋಟಿ ಸೆಂ.ಮೀ., ಅಂದರೆ 2,98,900 ಕಿ.ಮೀ. ನಿಜವಾದದ್ದು 2,99,792.458. ಸ್ಕೇಲಿನಲ್ಲಿ 1 ಮಿ.ಮೀ. ತಪ್ಪಿದರೆ ಉತ್ತರದಲ್ಲಿ 4,900 ಕಿ.ಮೀ. ತಪ್ಪುತ್ತದೆ. 1849ರಲ್ಲಿ ಹಲ್ಲಿನ ಚಕ್ರ ತಿರುಗಿಸಿ ಬೆಳಕಿನ ವೇಗ ಅಳೆದ ಫ್ರೆಂಚ್ ವಿಜ್ಞಾನಿ ಫಿಜೋಗೆ ಸಿಕ್ಕಿದ್ದೂ ಸುಮಾರು 3,13,000.

ಎರಡನೇ ಸಲ ಅಳೆಯುವ ಮುನ್ನ ತಟ್ಟೆ ಪೂರ್ತಿ ಆರಲಿ. ಬಿಸಿ ಗಾಜಿನ ಮೇಲೆ ಹಪ್ಪಳ ಅಡಿಯಿಂದಲೇ ಬಾಡುತ್ತದೆ.